ದೋನ್ಯಾರ ಅಡುಗೆಮನೆಯಲ್ಲಿ ಸ್ಪ್ಯಾನಿಷ್

ಬೆಳಗಿನ ಆರೂವರೆ. ಪಟ್ ಪಟ್ ಪಟ್ ಎಂದು ಹಿಟ್ಟು ಬಡಿಯುವ ಸದ್ದು. ಕಣ್ಣು ಮುಚ್ಚಿ ಕೇಳಿದರೆ ಬಾದಾಮಿಯ ಕಡೆಯ ಯಾವುದೋ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ ಅನ್ನಬೇಕು. ಕಣ್ಣು ಬಿಟ್ಟರೆ ಹಂಚಿನ ಮಾಡಿನಾಚೆ ಅಗ್ನಿಪರ್ವತವೊಂದು ನಿಂತಿದೆ. ದೂರದ ಇನ್ನೊಂದು ಆಗಾಗ ಬೂದಿಬಣ್ಣದ ಹೊಗೆ ಉಗುಳುತ್ತದೆ. ಊರು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂತಿಗುವಾ. ಬಡಿಯುತ್ತಿರುವುದು ಮೆಕ್ಕೆಜೋಳದ ಹಿಟ್ಟನ್ನು. ಅದು ಕಾದ ಹೆಂಚಿನ ಮೇಲೆ ಬಿದ್ದರೆ ತೊರ್ತಿಯಾ. ಈ ಸದ್ದಿಗೆ ಎಚ್ಚರವಾಗಿ ಮಂಚದ ಮೇಲೆ ಎದ್ದು ಕೂತಿರುವವರು ನಿನ್ನೆ ಸಂಜೆ ಬಂದಿಳಿದ ವಿದ್ಯಾರ್ಥಿ. ಅಮೆರಿಕದವರಿರಬಹುದು, ಜರ್ಮನಿಯವರಿರಬಹುದು, ಅಪರೂಪಕ್ಕೆ ಬೆಂಗಳೂರಿನವರೂ ಇರಬಹುದು. ಅವರಿಗೆ ಬರುವ ಸ್ಪ್ಯಾನಿಷ್ ಇಪ್ಪತ್ತು ಪದ. ಅಡುಗೆಮನೆಯಿಂದ ಕರೆ ಬರುತ್ತದೆ. ಏನು ಹೇಳಿದರೆಂದು ತಿಳಿಯದಿದ್ದರೂ ತಿಂಡಿಗೆ ಕರೆದರೆಂದು ಹೊಟ್ಟೆಗೆ ತಿಳಿಯುತ್ತದೆ. ಮೊದಲ ಪಾಠ ಶುರುವಾಗಿದೆ.

ಆಂತಿಗುವಾ ಎಂದರೆ ಹಳೆಯದು. 1543ರಿಂದ ಈ ಊರು ಸ್ಪೇನ್ ಆಳುತ್ತಿದ್ದ ಮಧ್ಯ ಅಮೆರಿಕದ ರಾಜಧಾನಿಯಾಗಿತ್ತು. 1773ರ ಜುಲೈನಲ್ಲಿ ಭೂಮಿ ನಡುಗಿ ಚರ್ಚುಗಳೂ ಮಠಗಳೂ ಕುಸಿದವು. ಅಧಿಕಾರಿಗಳು ರಾಜಧಾನಿಯನ್ನು ಬೇರೆ ಕಣಿವೆಗೆ ಒಯ್ದರು. ಬಿಟ್ಟುಹೋದ ಊರಿಗೆ ಉಳಿದದ್ದು ಈ ಹೆಸರು, ಮತ್ತು ಯಾರೂ ಎತ್ತಿ ಕಟ್ಟದ ಅವಶೇಷಗಳು. ಆ ಅವಶೇಷಗಳಿಗಾಗಿಯೇ 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ, ವರ್ಷವಿಡೀ ಹದವಾದ ಹವೆ, ನಡೆದೇ ಸುತ್ತಿಬಿಡಬಹುದಾದಷ್ಟು ಬೀದಿಗಳು. ಇಂದು ಆ ಬೀದಿಗಳ ಹಳೆಯ ಅಂಗಳದ ಮನೆಗಳಲ್ಲಿ ಹತ್ತಾರು ಸ್ಪ್ಯಾನಿಷ್ ಶಾಲೆಗಳಿವೆ.

ಈ ಶಾಲೆಗಳ ಮೊದಲ ಸಾಲಿನಲ್ಲಿರುವುದು 1969ರಲ್ಲಿ ಹುಟ್ಟಿದ ‘ಪ್ರೊಯೆಕ್ತೊ ಲಿಂಗ್ವಿಸ್ತಿಕೊ ಫ್ರಾನ್ಸಿಸ್ಕೊ ಮರೊಕಿನ್’. ಹೆಸರು ಉದ್ದವಾದರೂ ಕಲಿಸುವ ಕ್ರಮ ಸರಳ: ಒಬ್ಬ ವಿದ್ಯಾರ್ಥಿಗೆ ಒಬ್ಬರು ಶಿಕ್ಷಕರು. ಮಾವಿನದೋ ಕಿತ್ತಳೆಯದೋ ಮರದ ನೆರಳಿನಲ್ಲಿ ಒಂದು ಪುಟ್ಟ ಮೇಜು, ಎರಡು ಕುರ್ಚಿ, ದಿನಕ್ಕೆ ನಾಲ್ಕೈದು ಗಂಟೆ ಎದುರುಬದುರು ಮಾತು. ಹಿಂದಿನ ಬೆಂಚಿಲ್ಲ, ಅಡಗಲು ಜಾಗವಿಲ್ಲ. ಪಕ್ಕದವರನ್ನು ನೋಡಿ ಉತ್ತರ ಹೇಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ. ಇದೇ ಸಂಸ್ಥೆ 1970ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳ ಮಾಯಾ ಭಾಷೆಗಳನ್ನಾಡುವ ಯುವಕರಿಗೆ ಭಾಷಾವಿಜ್ಞಾನ ಕಲಿಸಿ, ಅವರ ಕೈಯಿಂದಲೇ ಅವರ ನುಡಿಗಳ ವ್ಯಾಕರಣ, ನಿಘಂಟುಗಳನ್ನು ಬರೆಸುವ ಕೆಲಸಕ್ಕೂ ಹೆಗಲು ಕೊಟ್ಟಿತು.

ಶಾಲೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆಮೇಲಿನ ಶಾಲೆ ಮನೆಯದು. ವಿದ್ಯಾರ್ಥಿಯನ್ನು ಸ್ಥಳೀಯರ ಮನೆಯಲ್ಲಿ ಉಳಿಸುವುದು ಇಲ್ಲಿನ ಪದ್ಧತಿ. ವಾರದ ಲೆಕ್ಕದಲ್ಲಿ ಒಂದು ಕೋಣೆ, ಸಾಮಾನ್ಯವಾಗಿ ಭಾನುವಾರ ಬಿಟ್ಟು ಉಳಿದ ದಿನ ಮೂರು ಹೊತ್ತಿನ ಊಟ. ಪರದೇಶದವರನ್ನು ಮನೆಮಂದಿಯ ಜೊತೆ ಇರಿಸಿ ಕಲಿಸುವ ಈ ಏರ್ಪಾಡಿಗೆ ಒಂದು ಚರಿತ್ರೆಯೂ ಇದೆ. 1932ರಲ್ಲಿ ಡೊನಾಲ್ಡ್ ವಾಟ್ ಎಂಬ ಅಮೆರಿಕನ್ ತನ್ನ ದೇಶದ ಹುಡುಗರ ಒಂದು ಗುಂಪನ್ನು ಯೂರೋಪಿಗೆ ಕರೆದುಕೊಂಡು ಹೋಗಿ, ‘ಅಂತರರಾಷ್ಟ್ರೀಯ ಬದುಕಿನ ಪ್ರಯೋಗ’ ಎಂಬ ಸಂಸ್ಥೆಗೆ ನಾಂದಿ ಹಾಡಿದ. ಅಪರಿಚಿತರ ಮನೆಯಲ್ಲಿ ಉಂಡು ಮಲಗುವುದೇ ಆ ಪ್ರಯೋಗದ ತಿರುಳಾಯಿತು. 1961ರಲ್ಲಿ ಶುರುವಾದ ಅಮೆರಿಕದ ಪೀಸ್ ಕೋರ್ ಕೂಡ ತನ್ನ ಸ್ವಯಂಸೇವಕರಿಗೆ ಭಾಷೆ ಕಲಿಸಲು ಮುಂದೆ ಇದೇ ದಾರಿ ಹಿಡಿಯಿತು.

ಗ್ವಾಟೆಮಾಲಾದಲ್ಲಿ ಆ ಮನೆಯ ಯಜಮಾನಿಯನ್ನು ‘ದೋನ್ಯಾ’ ಎಂದು ಕರೆಯುತ್ತಾರೆ. ನಮ್ಮಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಸೇರಿಸಿ ಕರೆದಂತೆ, ಅಲ್ಲಿ ಹೆಸರಿನ ಮೊದಲಿಗೆ ಈ ಪದ. ದೋನ್ಯಾ ವ್ಯಾಕರಣ ಹೇಳಿಕೊಡುವುದಿಲ್ಲ. ಆಕೆ ಹೇಳಿಕೊಡುವುದು ಯಾವ ಮಾತನ್ನು ಯಾವಾಗ ಆಡಬೇಕೆಂಬುದನ್ನು. ಉಣ್ಣುವುದು ಮುಗಿಸಿ ತಟ್ಟೆ ಎತ್ತಿಕೊಂಡು ಸುಮ್ಮನೆ ಎದ್ದುಬಿಟ್ಟರೆ ಮೇಜಿನ ಸುತ್ತ ಒಂದು ಗಳಿಗೆ ಮೌನ. ಏಳುವ ಮುಂಚೆ ಕೂತವರಿಗೆಲ್ಲ ‘ಮುಚಾಸ್ ಗ್ರಾಸಿಯಾಸ್’ ಅನ್ನಬೇಕು. ಅಡುಗೆ ಮಾಡಿದವರಿಗಷ್ಟೇ ಸಲ್ಲುವ ಕೃತಜ್ಞತೆಯಲ್ಲ ಅದು, ಜೊತೆಗೆ ಕೂತು ಉಂಡ ಮಗುವಿಗೂ ಸಲ್ಲುತ್ತದೆ. ಆಗ ಎಲ್ಲರೂ ‘ಬುಯೆನ್ ಪ್ರೊಬೆಚೊ’ ಎಂದು ಹರಸುತ್ತಾರೆ: ಉಂಡದ್ದು ಮೈಗೂಡಲಿ. ಪಠ್ಯಪುಸ್ತಕ ಈ ಪದಗುಚ್ಛವನ್ನು ಊಟದ ಆರಂಭಕ್ಕೆ ಹಾಕಿರುತ್ತದೆ. ಕೊನೆಗೂ ಅದು ಬೇಕೆಂದು ತಿಳಿಯಲು ಮೇಜಿನ ಬಳಿ ಕೂರಬೇಕು.

ಎರಡನೆಯ ತರಗತಿ ಹಿತ್ತಲಿನದು. ಅಲ್ಲಿ ‘ಪಿಲಾ’ ಇರುತ್ತದೆ: ನಡುವೆ ನೀರು ತುಂಬಿದ ಸಿಮೆಂಟಿನ ತೊಟ್ಟಿ, ಅದರ ಪಕ್ಕಕ್ಕೆ ಬಟ್ಟೆ ಉಜ್ಜುವ, ಪಾತ್ರೆ ತೊಳೆಯುವ ಕಲ್ಲಿನ ಹಾಸು. ನಡುವಿನ ತೊಟ್ಟಿಗೆ ಕೈ ಅದ್ದಬಾರದು, ಎಂಜಲು ತಟ್ಟೆ ಮುಳುಗಿಸಬಾರದು. ಪ್ಲಾಸ್ಟಿಕ್ ಬೋಗುಣಿಯಿಂದ ನೀರು ಮೊಗೆದುಕೊಳ್ಳಬೇಕು. ನಲ್ಲಿಗೇ ಕೈಯೊಡ್ಡಿ ಬೆಳೆದವರಿಗೆ ಇದು ಹೊಸ ಪಾಠ. ಹಂಡೆಯಿಂದ ಚೊಂಬಿನಲ್ಲಿ ನೀರು ತೋಡಿ ಮಿಂದವರಿಗೆ ಹೇಳಿಕೊಡಬೇಕಾದ್ದೇ ಇಲ್ಲ.

ಕನ್ನಡದ ಕಿವಿಗೆ ಹೀಗೆ ಅಚ್ಚರಿಯ ಅನುಕೂಲಗಳು ಬಹಳ. ಸ್ಪ್ಯಾನಿಷಿನ ತಕಾರ, ದಕಾರಗಳು ಹಲ್ಲಿಗೆ ನಾಲಗೆ ತಾಗಿಸಿ ಆಡುವ ನಮ್ಮ ತ, ದಗಳೇ. ಇಂಗ್ಲಿಷಿನವರು ಅಲ್ಲಿ ಟ, ಡ ಅಂದುಬಿಟ್ಟು ವಾರಗಟ್ಟಲೆ ತಿದ್ದಿಸಿಕೊಳ್ಳುತ್ತಾರೆ. ನಾಳೆ ಎಂಬರ್ಥದ ‘ಮಞಾನ’ ಪದದಲ್ಲಿ ಬರುವ ಅನುನಾಸಿಕವೂ ನಮಗೆ ಹೊಸದಲ್ಲ. ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತುಬಿಟ್ಟ ಞಕಾರಕ್ಕೆ ಕೊನೆಗೂ ಒಂದು ಉದ್ಯೋಗ ಸಿಗುತ್ತದೆ. ಮೇಜಿಗೆ ಅಲ್ಲಿ ‘ಮೆಸಾ’, ಸಾಬೂನಿಗೆ ‘ಹಬೋನ್’, ಹಣ ಕೊಡುವುದಕ್ಕೆ ‘ಪಗಾರ್’. ಧಾರವಾಡದ ಕಡೆ ಒಂದನೇ ತಾರೀಖಿಗೆ ಕಾಯುವ ಪಗಾರವೂ ಇದೇ ಬಳಗದ್ದು. ಸ್ಪ್ಯಾನಿಷಿನ ಒಡಹುಟ್ಟಿದ ಪೋರ್ಚುಗೀಸ್ ಭಾಷೆ ಗೋವೆಯ ದಾರಿಯಲ್ಲಿ ಬಂದು ಪಗಾರವನ್ನು ನಮ್ಮ ಮನೆಗಳಲ್ಲಿ ಇಳಿಸಿ ಹೋಗಿತ್ತು.

ವ್ಯಾಕರಣದಲ್ಲೂ ನೆಂಟಸ್ತಿಕೆ ಕಾಣುತ್ತದೆ. ‘ಮೆ ಗುಸ್ತಾ’ ಎಂಬ ಎರಡು ಪದ ಇಂಗ್ಲಿಷಿನ ವಿದ್ಯಾರ್ಥಿಗಳ ತಲೆ ತಿನ್ನುತ್ತದೆ. ಇಷ್ಟಪಡುವವನು ವಾಕ್ಯದ ಕರ್ತೃವಾಗದೆ, ಇಷ್ಟವಾದ ವಸ್ತು ಕರ್ತೃವಾಗುವುದು ಅವರಿಗೆ ಒಗಟು. ‘ನನಗೆ ಕಾಫಿ ಇಷ್ಟ’ ಎಂದು ಹುಟ್ಟಿದಾಗಿನಿಂದ ಹೇಳುತ್ತ ಬಂದವರಿಗೆ ಅದರಲ್ಲಿ ಒಗಟೇನಿದೆ? ತಲೆ ನೋಯುವುದೂ ಹಾಗೆಯೇ: ‘ಮೆ ದುಯೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತದೆ. ‘ಇರು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದಗಳುಂಟು, ‘ಸೇರ್’ ಮತ್ತು ‘ಎಸ್ತಾರ್’. ‘ಅವಳು ಟೀಚರು’ ಎನ್ನುವಾಗ ಮೊದಲನೆಯದು, ‘ಅವಳು ಮನೆಯಲ್ಲಿದ್ದಾಳೆ’ ಎನ್ನುವಾಗ ಎರಡನೆಯದು. ಕನ್ನಡ ಮೊದಲ ವಾಕ್ಯದಲ್ಲಿ ಕ್ರಿಯಾಪದವನ್ನೇ ಬಿಟ್ಟು, ಎರಡನೆಯದರಲ್ಲಿ ‘ಇರು’ ತರುತ್ತದೆ. ಎಲ್ಲ ಕಡೆ ಈ ಲೆಕ್ಕ ಕೂಡದಿದ್ದರೂ ಹಿಡಿದುಕೊಳ್ಳಲು ಒಂದು ಹಗ್ಗವಾಗುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ‘ಯಾ ಬೆಂಗೊ’. ಪದಶಃ ಅರ್ಥ ‘ಈಗ ಬರುತ್ತೇನೆ’. ದೋನ್ಯಾ ಹಾಗೆಂದು ಹೇಳಿ ಚೀಲ ಹಿಡಿದು ಬಾಗಿಲು ದಾಟುತ್ತಾರೆ. ಬರುತ್ತೇನೆ ಎಂದವರು ಹೋಗುತ್ತಿದ್ದಾರಲ್ಲ ಎಂದು ಜರ್ಮನಿಯ ವಿದ್ಯಾರ್ಥಿ ಕಕ್ಕಾಬಿಕ್ಕಿ. ‘ಬರ್ತೀನಿ’ ಎಂದು ಹೇಳಿಯೇ ಮನೆ ಬಿಟ್ಟು ಹೊರಡುವ ಕನ್ನಡದವರಿಗೆ ಅದು ಹಳೆಯ ಪರಿಚಯ.

ಇಷ್ಟೆಲ್ಲ ಅನುಕೂಲವಿದ್ದರೂ ಎಡವುವುದು ತಪ್ಪುವುದಿಲ್ಲ. ಹಸಿವು ‘ಆಂಬ್ರೆ’, ಗಂಡಸು ‘ಓಂಬ್ರೆ’. ‘ತೆಂಗೊ ಆಂಬ್ರೆ’ ಎಂದು ಹಸಿವು ಹೇಳಿಕೊಳ್ಳಲು ಹೋದ ಹುಡುಗಿ ಒಂದು ಸ್ವರ ತಪ್ಪಿ, ತನಗೊಬ್ಬ ಗಂಡಸಿದ್ದಾನೆ ಎಂದು ಮೇಜಿನ ಮುಂದೆ ಸಾರಿಬಿಡುತ್ತಾಳೆ. ದಣಿದವನು ‘ಕನ್ಸಾದೊ’, ಮದುವೆಯಾದವನು ‘ಕಸಾದೊ’. ಬೆಟ್ಟ ಹತ್ತಿ ಬಂದು ಕುರ್ಚಿಯ ಮೇಲೆ ಕುಸಿದ ಹುಡುಗ ‘ತುಂಬಾ ಮದುವೆಯಾಗಿದ್ದೇನೆ’ ಎನ್ನುತ್ತಾನೆ. ಮನೆಯ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ದೋನ್ಯಾ ಕಣ್ಣಲ್ಲೇ ಅವರನ್ನು ಗದರಿ, ಸರಿಯಾದ ಪದವನ್ನು ತಮ್ಮ ಮಾತಿನೊಳಗೆ ಸೇರಿಸಿ ಹಿಂದಕ್ಕೆ ಕೊಡುತ್ತಾರೆ: ‘ಹೌದಾ, ದಣಿದಿದ್ದೀರಾ? ಕೂತ್ಕೊಳ್ಳಿ.’ ತಪ್ಪು ಎಂಬ ಪದವೇ ಬರಲಿಲ್ಲ, ತಿದ್ದುಪಡಿ ಮುಗಿದುಹೋಯಿತು. ಲೋಟ ಜಾರಿ ಒಡೆದಾಗಲೂ ಭಾಷೆಯೇ ಕಾಪಾಡುತ್ತದೆ. ‘ನಾನು ಬೀಳಿಸಿದೆ’ ಎನ್ನುವ ಅಗತ್ಯವಿಲ್ಲ. ‘ಸೆ ಮೆ ಕಾಯೊ’, ನನ್ನ ಕೈಯಿಂದ ಅದೇ ಬಿತ್ತು. ನಮ್ಮ ‘ಕೈಜಾರಿ ಬಿದ್ದುಹೋಯ್ತು’ ಇದ್ದಂತೆ.

ಮರ್ಯಾದೆಯ ಲೆಕ್ಕ ಮಾತ್ರ ನಮ್ಮದಕ್ಕಿಂತ ಒಂದು ಮೆಟ್ಟಿಲು ಜಾಸ್ತಿ. ನೀವು ಎನ್ನಲು ‘ಉಸ್ತೆದ್’. ನೀನು ಎನ್ನಲು ಪುಸ್ತಕದಲ್ಲಿ ‘ತೂ’. ಗ್ವಾಟೆಮಾಲಾದ ಬೀದಿಯಲ್ಲಿ ಗೆಳೆಯರ ನಡುವೆ ಓಡಾಡುವುದು ‘ಬೋಸ್’. ಸ್ಪೇನಿನಲ್ಲಿ ಅಚ್ಚಾದ ಬಹುಪಾಲು ಪಠ್ಯಪುಸ್ತಕಗಳು ಈ ಮೂರನೆಯದರ ಗೊಡವೆಗೇ ಹೋಗುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ದೋನ್ಯಾ ಅತಿಥಿಗೆ ಉಸ್ತೆದ್ ಎನ್ನುತ್ತಾರೆ, ಅತಿಥಿಯೂ ಅವರಿಗೆ ಹಾಗೆಯೇ. ಆ ದೂರದ ಪದದಲ್ಲೇ ಎಷ್ಟು ಅಕ್ಕರೆ ತುಂಬಬಹುದೆಂಬುದು ಮೂರನೆಯ ವಾರಕ್ಕೆ ಗೊತ್ತಾಗುತ್ತದೆ, ‘ಯಾ ಕೊಮಿಯೊ?’ ಎಂಬ ಪ್ರಶ್ನೆಯಲ್ಲಿ. ಊಟ ಆಯ್ತಾ ಎಂದು ಕೇಳುವುದು ಅಷ್ಟೇ. ಕೆಟ್ಟ ಸುದ್ದಿಗೂ ಅಲ್ಲಿ ಒಂದು ಮೆತ್ತನೆಯ ಮುನ್ನುಡಿ ಇದೆ: ‘ಫೀಹೆಸೆ ಕೆ’, ಅಂದರೆ ‘ನೋಡಿ, ಏನಾಯ್ತಂದ್ರೆ’. ಈ ಎರಡು ಪದ ಕಿವಿಗೆ ಬಿದ್ದರೆ ಬಿಸಿನೀರಿಲ್ಲ, ಬಸ್ಸು ಬರುವುದಿಲ್ಲ, ಅಥವಾ ಕೊಟ್ಟ ಕೆಲಸ ಆಗಿಲ್ಲ ಎಂದು ಅರ್ಥಮಾಡಿಕೊಳ್ಳುವವರು ಆ ಊರಿಗೆ ಹಳಬರಾದರು.

ಮಾಂಸ ತಿನ್ನದವರಿಗೆ ಇನ್ನೊಂದು ಎಚ್ಚರ. ‘ಕಾರ್ನೆ ಬೇಡ’ ಎಂದರೆ ತಟ್ಟೆಗೆ ಕೋಳಿ ಬರಬಹುದು. ಕಾರ್ನೆ ಎಂದರೆ ಅಲ್ಲಿ ಮುಖ್ಯವಾಗಿ ದನದ ಮಾಂಸ. ಕೋಳಿಯ ಲೆಕ್ಕವೇ ಬೇರೆ. ಕೋಳಿ, ಹ್ಯಾಮ್, ಮೀನು ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಬೇಕು. ಆಮೇಲೆ ಉಳಿಯುವುದೂ ಕಡಿಮೆಯೇನಲ್ಲ: ಸುಣ್ಣದ ನೀರಲ್ಲಿ ಬೇಯಿಸಿ ಬೀಸಿದ ಮೆಕ್ಕೆಜೋಳದ ತೊರ್ತಿಯಾ, ಮೊಟ್ಟೆ, ಹುರಿದ ಬಾಳೆಹಣ್ಣು, ಮತ್ತು ಕರಿ ಹುರುಳಿಕಾಯಿ ಬೀಜ. ಆ ಬೀಜ ಬೆಳಿಗ್ಗೆ ಇಡಿಯಾಗಿ, ಮಧ್ಯಾಹ್ನ ಅರೆದ ಗೊಜ್ಜಾಗಿ, ರಾತ್ರಿ ಬಾಣಲೆಯಲ್ಲಿ ಮಗುಚಿದ ಮುದ್ದೆಯಾಗಿ ಬರುತ್ತದೆ. ಹಣ್ಣಿನ ಅಂಗಡಿಯಲ್ಲಿ ನಮ್ಮ ಚಿಕ್ಕು ಸಿಗುತ್ತದೆ, ‘ಚಿಕೊಸಪೊತೆ’ ಎಂಬ ಪೂರ್ತಿ ಹೆಸರಿನಲ್ಲಿ. ಚಿಕ್ಕು, ಸಪೋಟ ಎಂದು ನಾವು ಎರಡಾಗಿ ಹಂಚಿಕೊಂಡ ಹೆಸರು ಅದು. ಹಣ್ಣಿನ ತವರು ಆ ಕಡೆಯೇ. ಇದಕ್ಕೆ ಬದಲಾಗಿ ನಮ್ಮ ಘಟ್ಟದ ಬೆಳೆಯೊಂದು ಅಲ್ಲಿಗೆ ಹೋಗಿದೆ. ಸುಮಾರು 1914ರಲ್ಲಿ ಒಬ್ಬ ಜರ್ಮನ್ ಕಾಫಿ ಬೆಳೆಗಾರ ಗ್ವಾಟೆಮಾಲಾದ ಉತ್ತರದ ಬೆಟ್ಟಗಳಿಗೆ ಏಲಕ್ಕಿ ತಂದು ನೆಟ್ಟ. ಈಗ ಏಲಕ್ಕಿ ರಫ್ತಿನಲ್ಲಿ ಆ ದೇಶ ಜಗತ್ತಿಗೇ ಮೊದಲು. ಆದರೆ ಸಕಲೇಶಪುರದಿಂದ ಹೋದವರು ಚಹಾಕ್ಕೆ ಒಂದು ಏಲಕ್ಕಿ ಕೇಳಿದರೆ ದೋನ್ಯಾ ಡಬ್ಬಿಗಳನ್ನು ತಡಕಾಡಿ ಕೈಚೆಲ್ಲುವುದೇ ಹೆಚ್ಚು. ಬೆಳೆದದ್ದರಲ್ಲಿ ಬಹುಪಾಲು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ. ಬೆಳೆದವರ ಅಡುಗೆಯಲ್ಲಿ ಅದಕ್ಕೆ ಜಾಗವಿಲ್ಲ.

ರಾತ್ರಿಯ ಕಾಫಿಗೆ ಸಿಹಿ ಬ್ರೆಡ್ಡು ಅದ್ದಿಕೊಂಡು ಕೂತಾಗ ಹಿರಿಯರ ಬಾಯಿಂದ ಒಂದಲ್ಲ ಒಂದು ದಿನ ‘ಆ ವರ್ಷದ’ ಕಥೆ ಬರುತ್ತದೆ. 1976ರ ಫೆಬ್ರವರಿ 4, ನಸುಕಿನ ಮೂರು ಗಂಟೆ ದಾಟಿ ಕೆಲವೇ ಕ್ಷಣ. 7.5 ಪ್ರಮಾಣದ ಭೂಕಂಪಕ್ಕೆ ಗ್ವಾಟೆಮಾಲಾದಲ್ಲಿ ಸುಮಾರು 23,000 ಜನ ಸತ್ತರು. ಹೆಚ್ಚಿನವರು ಮಣ್ಣಿನ ಗೋಡೆಗಳ ಕೆಳಗೆ, ನಿದ್ದೆಯಲ್ಲಿ. ಸ್ಪ್ಯಾನಿಷಿನಲ್ಲಿ ಭೂತಕಾಲ ಎರಡು ಬಗೆ: ನಡೆಯುತ್ತಲೇ ಇದ್ದದ್ದು, ಒಮ್ಮೆಗೇ ನಡೆದುಹೋದದ್ದು. ತರಗತಿಯಲ್ಲಿ ಅದಕ್ಕೆ ಕೋಷ್ಟಕಗಳಿವೆ. ‘ದೊರ್ಮೀಯಾಮೋಸ್ ಕ್ವಾಂದೊ ತೆಂಬ್ಲೊ’, ನಾವು ಮಲಗಿದ್ದೆವು, ಆಗ ಭೂಮಿ ನಡುಗಿತು ಎಂದು ಮುದುಕರೊಬ್ಬರು ದೀಪದ ಕೆಳಗೆ ಹೇಳುವುದನ್ನು ಕೇಳಿಸಿಕೊಂಡವರು ಆ ಎರಡು ಕಾಲಗಳನ್ನು ಮತ್ತೆ ಬೆರೆಸುವುದು ಕಷ್ಟ.

ಕೇಳುಗರೇ, ಮನೆಯಲ್ಲಿ ಉಳಿದವರೆಲ್ಲ ಮಾತು ಕಲಿತೇ ಬರುತ್ತಾರೆ ಎಂದಲ್ಲ. ರಷ್ಯಾಕ್ಕೆ ಹೋದ ಅಮೆರಿಕನ್ ವಿದ್ಯಾರ್ಥಿಗಳ ಬಗ್ಗೆ ವಿಲಿಯಂ ರಿವರ್ಸ್ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಗಳಲ್ಲಿ ಉಳಿದವರು ಹಾಸ್ಟೆಲಿನಲ್ಲಿ ಉಳಿದವರಿಗಿಂತ ಮಾತಿನಲ್ಲಿ ಮುಂದಿರಬೇಕು ಎಂಬುದು ಎಲ್ಲರ ನಂಬಿಕೆ. ಲೆಕ್ಕ ಹಾಗೆ ಬರಲಿಲ್ಲ. ಅವರು ಮುಂದಿದ್ದದ್ದು ಓದಿನಲ್ಲಿ. ಕೋಣೆಯ ಬಾಗಿಲು ಮುಚ್ಚಿ ಪುಸ್ತಕ ಹಿಡಿದರೆ, ಈಗಿನಂತೆ ಫೋನು ಹಿಡಿದು ತನ್ನೂರಿನವರ ಜೊತೆ ಹರಟಿದರೆ, ಮನೆ ಬರೀ ಲಾಡ್ಜಾಗುತ್ತದೆ. ಈರುಳ್ಳಿ ಹೆಚ್ಚಿಕೊಡಲೇ ಎಂದು ಅಡುಗೆಮನೆಗೆ ಬಂದವರ ಕಿವಿಗೆ ಮಾತ್ರ ಬೀಳುವ ಸ್ಪ್ಯಾನಿಷ್ ಬಹಳವಿದೆ.

ಈ ಪಾಠದ ಇನ್ನೊಂದು ತುದಿಯಲ್ಲಿ ನಿಂತವರ ಕಡೆಗೂ ನೋಡಬೇಕು. ದೋನ್ಯಾರಿಗೆ ಇದು ದುಡಿಮೆ. ಬೆಳಗಿನ ತಿಂಡಿ, ಹಾಸಿಗೆಯ ಬಟ್ಟೆ, ಮೂರು ಹೊತ್ತಿನ ಪಾತ್ರೆ, ಇವುಗಳ ಜೊತೆಗೆ ಇನ್ನೊಂದು ಕಾಣದ ಕೆಲಸ: ಭಾನುವಾರ ಬಂದ ಹೊಸಬರಿಗೆ ಹೋದ ವಾರದವರಿಗೆ ಹೇಳಿದ್ದನ್ನೇ ಮತ್ತೆ, ಅಷ್ಟೇ ನಿಧಾನವಾಗಿ, ಮೊದಲ ಸಲ ಹೇಳುವಂತೆ ಹೇಳುವುದು. ಎಷ್ಟು ಮಕ್ಕಳು, ಯಾವ ಊರು, ಅಲ್ಲಿ ಹಿಮ ಬೀಳುತ್ತದೆಯೇ? ವರ್ಷಕ್ಕೆ ಹತ್ತಾರು ಸಲ ಕೇಳಿದ ಪ್ರಶ್ನೆಗಳಿಗೆ ಮುಖದಲ್ಲಿ ಕುತೂಹಲ ಉಳಿಸಿಕೊಳ್ಳುವುದು ಸುಲಭದ ಕಸುಬಲ್ಲ. ಎಷ್ಟೋ ಮನೆಗಳಲ್ಲಿ ಅತಿಥಿಯ ಕೋಣೆ ಎಂದರೆ ಅಮೆರಿಕಕ್ಕೆ ದುಡಿಯಲು ಹೋದ ಮಗನ ಕೋಣೆ. ಹಾಗೆ ಹೋದವರು ಕಳಿಸುವ ಹಣ ಈಚಿನ ವರ್ಷಗಳಲ್ಲಿ ದೇಶದ ಒಟ್ಟು ಉತ್ಪನ್ನದ ಸುಮಾರು ಐದನೇ ಒಂದು ಭಾಗಕ್ಕೆ ಸಮ. ಅಮೆರಿಕದ ಹುಡುಗ ಮಗನ ಮಂಚದ ಮೇಲೆ ಮಲಗಿ ಸ್ಪ್ಯಾನಿಷ್ ಕಲಿಯುತ್ತಾನೆ. ಮಗ ಅಮೆರಿಕದ ಹೋಟೆಲಿನ ಹಿಂಬದಿಯಲ್ಲಿ ತಟ್ಟೆ ತೊಳೆಯುತ್ತ ಇಂಗ್ಲಿಷ್ ಕಲಿಯುತ್ತಾನೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಗ್ವಾಟೆಮಾಲಾ ಗಡಿ ಮುಚ್ಚಿತು, ಮತ್ತೆ ತೆರೆದದ್ದು ಸೆಪ್ಟೆಂಬರ್‌ನಲ್ಲಿ. ಶಾಲೆಗಳ ಶಿಕ್ಷಕರು ಕಂಪ್ಯೂಟರಿನ ಮುಂದೆ ಕೂತು ಪಾಠ ಮುಂದುವರಿಸಿದರು. ಮನೆಗಳಿಗೆ ಆ ದಾರಿ ಇರಲಿಲ್ಲ. ತೊರ್ತಿಯಾದ ಬಿಸಿ ಪರದೆಯ ಮೇಲೆ ಹಾಯುವುದಿಲ್ಲ. ಕೋಣೆಗಳು ಖಾಲಿ ಉಳಿದವು.

ಆಂತಿಗುವಾದಿಂದ ಬಸ್ಸಿನಲ್ಲಿ ಕೆಲವು ಗಂಟೆ ಹೋದರೆ ಆತಿತ್ಲಾನ್ ಸರೋವರ, ಅದರ ದಡದಲ್ಲಿ ಸಾನ್ ಪೆದ್ರೊ ಲಾ ಲಗೂನಾ. ಅಲ್ಲೂ ಸ್ಪ್ಯಾನಿಷ್ ಶಾಲೆಗಳಿವೆ, ಅಲ್ಲೂ ಮನೆವಾಸವಿದೆ. ಒಂದು ವ್ಯತ್ಯಾಸವೆಂದರೆ ದೋನ್ಯಾ ಅತಿಥಿಯ ಜೊತೆ ಸ್ಪ್ಯಾನಿಷಿನಲ್ಲಿ ಮಾತಾಡಿ, ತಿರುಗಿ ಮಗಳಿಗೆ ಉಪ್ಪು ತರಲು ಹೇಳುವಾಗ ಬೇರೆಯದೇ ಭಾಷೆ ಕೇಳಿಸುತ್ತದೆ. ಅದು ತ್ಸುತುಹಿಲ್, ದೇಶದ 22 ಮಾಯಾ ಭಾಷೆಗಳಲ್ಲಿ ಒಂದು. ಸ್ಪ್ಯಾನಿಷ್ ಆ ತಾಯಿಗೂ ಶಾಲೆಯಲ್ಲಿ, ಸಂತೆಯಲ್ಲಿ ಕಲಿತ ಭಾಷೆ. ತಾವೇ ಎಡವಿ ಕಲಿತದ್ದರಿಂದಲೋ ಏನೋ, ಅವರ ಸ್ಪ್ಯಾನಿಷ್ ಹೊಸ ಕಿವಿಗೆ ನಿಧಾನವಾಗಿ, ಬಿಡಿಬಿಡಿಯಾಗಿ ಕೇಳಿಸುತ್ತದೆ. ಮನೆಯಲ್ಲಿ ತುಳುವನ್ನೋ ಕೊಡವವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಬರೆದವರಿಗೆ ಆ ಮನೆಯ ಎರಡು ದನಿಗಳ ಓಡಾಟ ಚೆನ್ನಾಗಿ ಗೊತ್ತು. ಮಾಯಾ ಭಾಷೆಗಳನ್ನು ರಾಷ್ಟ್ರೀಯ ಭಾಷೆಗಳೆಂದು ಮನ್ನಿಸುವ ಕಾಯಿದೆ ಗ್ವಾಟೆಮಾಲಾದಲ್ಲಿ ಬಂದದ್ದು 2003ರಲ್ಲಿ. ಸ್ಪ್ಯಾನಿಷಿಗೆಂದು ಬಂದ ವಿದ್ಯಾರ್ಥಿ ಸಾನ್ ಪೆದ್ರೊದಲ್ಲಿ ಕೊನೆಯ ವಾರ ‘ಮಲ್ತಿಯೋಶ್’ ಎಂಬ ಪದವನ್ನೂ ಕಲಿತಿರುತ್ತಾನೆ. ಧನ್ಯವಾದಕ್ಕೆ ತ್ಸುತುಹಿಲ್ ಅಡುಗೆಮನೆಯಲ್ಲಿ ಅದೇ ಪದ.

ಶನಿವಾರ ಹೊರಡುವ ದಿನ. ಬಾಗಿಲಲ್ಲಿ ತುಕ್‌ತುಕ್ ಬಂದು ನಿಲ್ಲುತ್ತದೆ. ಗ್ವಾಟೆಮಾಲಾದ ಊರೂರಿನಲ್ಲಿ ಓಡುವ ಈ ಆಟೊಗಳಲ್ಲಿ ಬಹಳಷ್ಟು ನಮ್ಮ ಬಜಾಜ್ ಕಂಪನಿಯವೇ. ವಿದ್ಯಾರ್ಥಿ ಚೀಲ ಹೊತ್ತು ದೋನ್ಯಾರ ಮುಂದೆ ನಿಲ್ಲುತ್ತಾನೆ. ಬರೆದುಕೊಂಡು ಬಾಯಿಪಾಠ ಮಾಡಿದ ವಿದಾಯದ ನಾಲ್ಕು ವಾಕ್ಯಗಳು ಗಂಟಲಲ್ಲಿ ಸಿಕ್ಕಿಕೊಂಡು, ತಿಂಗಳಿಡೀ ಕಿವಿಗೆ ಬಿದ್ದ ಮಾತೊಂದು ತಾನಾಗಿ ಹೊರಬರುತ್ತದೆ: ‘ಯಾ ಬೆಂಗೊ.’ ಈಗ ಬರ್ತೀನಿ. ಸಾವಿರಾರು ಮೈಲಿ ದೂರ ಹೋಗುವವರು ಆಡುವ ಮಾತಲ್ಲ ಅದು. ದೋನ್ಯಾ ಈ ಸಲ ತಿದ್ದುವುದಿಲ್ಲ. ‘ಪ್ರಿಮೆರೊ ದಿಯೋಸ್’ ಎನ್ನುತ್ತಾರೆ, ದೇವರಿಚ್ಛೆ. ಆಟೊ ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಸದ್ದು ಮಾಡುತ್ತ ತಿರುವು ದಾಟುತ್ತದೆ. ಹಿತ್ತಲಲ್ಲಿ ಪಿಲಾದ ನೀರು ಮೊಗೆದು ಹಾಸಿಗೆಯ ಬಟ್ಟೆ ಒಗೆಯುವ ಸದ್ದು ಶುರುವಾಗುತ್ತದೆ. ಸಂಜೆಯೊಳಗೆ ಅದು ಒಣಗಬೇಕು. ಭಾನುವಾರ ಇಳಿಹೊತ್ತಿಗೆ ಇನ್ನೊಬ್ಬರು ಬರುತ್ತಾರೆ, ಇಪ್ಪತ್ತು ಪದಗಳ ಜೊತೆ. ಬಾಗಿಲು ತಟ್ಟಿದ ಸದ್ದಿಗೆ ದೋನ್ಯಾ ಕೈ ಒರೆಸಿಕೊಂಡು ಬಂದು, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾರೆ: ‘ಪಾ-ಸೆ ಅ-ದೆ-ಲಾಂ-ತೆ.’ ಒಳಗೆ ಬನ್ನಿ.